ಗಿಟಾರ್ ಬ್ಯಾಟರಿ ಯಾಕೆ ಖಾಲಿಯಾಗುತ್ತೆ ಅಂತ ಮಾರೋರೇ ಹೇಳ್ಬೇಕು

ಮಾನ್ಯ ಸಂಪಾದಕರೇ,

ನನ್ನ ಮಗಳ ಎಲೆಕ್ಟ್ರಿಕ್ ಗಿಟಾರಲ್ಲಿ ಆಕ್ಟಿವ್ ಪಿಕಪ್ ಇದೆ, ಅಂದ್ರೆ ತಂತಿಯ ಕಂಪನ ಹಿಡಿಯೋ ಪಿಕಪ್ ಜೊತೆ ಸಿಗ್ನಲ್ ಹೆಚ್ಚಿಸೋ ಪುಟ್ಟ ಪ್ರೀಆಂಪ್, ಅದಕ್ಕೊಂದು 9 ವೋಲ್ಟ್ ಬ್ಯಾಟರಿ. ತಿಂಗಳು ತುಂಬೋದ್ರೊಳಗೆ ಬ್ಯಾಟರಿ ಸತ್ತು ಸೌಂಡ್ ಒಡೆಯೋಕೆ ಶುರು, ಅವಳು ತನ್ನ ಬೆರಳೇ ಸರಿಯಿಲ್ಲ ಅಂತ ಅತ್ತಿದ್ದೂ ಉಂಟು. ಕೊಂಡ ಅಂಗಡೀಲಿ ಕೇಳಿದ್ರೆ ಪಿಕಪ್ಪೇ ಬದಲಾಯಿಸಿ ಅಂದ್ರು.

ಆಮೇಲೆ ಗೊತ್ತಾಗಿದ್ದು, ಈ ಗಿಟಾರಿಗೆ ಬೇರೆ ಸ್ವಿಚ್ಚೇ ಇಲ್ಲ, ಕೇಬಲ್ ಹಾಕೋ ಜ್ಯಾಕೇ ಸ್ವಿಚ್! ಅದು ಮೂರು ಕಾಂಟ್ಯಾಕ್ಟಿನ ಸ್ಟೀರಿಯೋ ಜ್ಯಾಕ್, ಬ್ಯಾಟರಿಯ ನೆಗೆಟಿವ್ ವೈರ್ ಅದರ ನಡುವಿನ ಕಾಂಟ್ಯಾಕ್ಟಿಗೆ ಸೇರಿರುತ್ತೆ, ಎರಡೇ ಕಾಂಟ್ಯಾಕ್ಟಿನ ಮಾಮೂಲಿ ಮೋನೋ ಪ್ಲಗ್ ಹಾಕಿದ ತಕ್ಷಣ ಅದು ಗ್ರೌಂಡಿಗೆ, ಅಂದ್ರೆ ಕರೆಂಟ್ ವಾಪಸ್ ಹೋಗೋ ಸಾಮಾನ್ಯ ವೈರಿಗೆ, ತಾಗಿ ಕರೆಂಟ್ ಹರಿಯುತ್ತೆ, ಆಂಪ್ ಆಫ್ ಮಾಡಿದ್ರೂ ಕೇಬಲ್ ಕೀಳದಿದ್ರೆ ರಾತ್ರಿಯೆಲ್ಲ ಹರೀತಾನೇ ಇರುತ್ತೆ. ಕೇಬಲ್ ಕಿತ್ತಿಡೋಕೆ ಶುರು ಮಾಡಿದ್ರೂ ನಮ್ಮ ಬ್ಯಾಟರಿ ಖಾಲಿಯಾಗೋದು ನಿಲ್ಲಲಿಲ್ಲ. ಕೊನೆಗೆ ರೇಡಿಯೋ ರಿಪೇರಿ ಮಾಡೋ ಹಿರಿಯರೊಬ್ಬರು ಬ್ಯಾಟರಿಗೆ ಸಾಲಾಗಿ ಕರೆಂಟ್ ಅಳೆಯೋ ಮಲ್ಟಿಮೀಟರ್ ಸೇರಿಸಿ, ಕೇಬಲ್ ಇಲ್ಲದಾಗ ಸೊನ್ನೆ ತೋರಿಸ್ಬೇಕು ತೋರಿಸ್ತಿಲ್ಲ ಅಂದ್ರು, ಜ್ಯಾಕಿನ ಆ ನಡುವಿನ ಕಾಂಟ್ಯಾಕ್ಟಿನ ತಗಡು ಬಾಗಿ ಗ್ರೌಂಡಿಗೆ ಅಂಟ್ಕೊಂಡಿತ್ತು, ಇಕ್ಕಳದಲ್ಲಿ ಹಿಂದಕ್ಕೆ ಬಗ್ಗಿಸಿದ್ರು, ಅಷ್ಟೇ.

ಸಾವಿರಾರು ರೂಪಾಯಿ ಉಳೀತು, ಆದ್ರೆ ಮಗಳ ಮೂರು ತಿಂಗಳ ಉತ್ಸಾಹ ಹೋಯ್ತಲ್ಲ, ಅದೇ ನನಗೆ ನೋವು. ಗಿಟಾರ್ ಮಾರೋರು, ಕಲಿಸೋ ಮೇಷ್ಟ್ರುಗಳು ಮೊದಲ ದಿನವೇ ಈ ಜ್ಯಾಕ್-ಸ್ವಿಚ್ಚಿನ ವಿಷಯ ಹೇಳಿಕೊಡ್ಲಿ, ತಿಂಗಳುಗಟ್ಟಲೆ ನುಡಿಸ್ದೇ ಇಡೋದಾದ್ರೆ ಬ್ಯಾಟರಿ ತೆಗೆದಿಡಿ ಅಂತಲೂ ಹೇಳ್ಲಿ, ಸೋರಿದ್ರೆ ಕ್ಲಿಪ್ ತುಕ್ಕು ಹಿಡಿಯುತ್ತೆ.

– ಒಬ್ಬ ತಂದೆ, ಮೈಸೂರು