ಹಂಚಿಹೋದ ದ್ವೀಪಗಳು: ಗೆಳೆಯನಿಗೊಂದು ಪತ್ರ

ಪ್ರೀತಿಯ ಮಂಜು,

ನಿನ್ನ ಕಾಗದ ಓದಿದೆ. ಮಾಲ್ಡೀವ್ಸ್‌ಗೆ ಮೇಷ್ಟ್ರಾಗಿ ಹೋದ ಮೇಲೆ ನೀನು ಕೇಳಿದ ಮೊದಲ ಪ್ರಶ್ನೆಯೇ ಸರಿಯಾಗಿದೆ ಕಣೋ. ನೀರಿನಾಚೆ ಕಾಣುವ ರೆಸಾರ್ಟಿನಲ್ಲಿ ಒಂದು ರಾತ್ರಿಗೆ ಸಾವಿರ ಡಾಲರ್. ಈಚೆ ನಿನ್ನ ದ್ವೀಪದಲ್ಲಿ ಯಾರಿಗಾದರೂ ಹೆರಿಗೆ ಕಷ್ಟವಾದರೆ ದೋಣಿ ಹತ್ತಿಸಿ ಕಳಿಸಬೇಕು. ಇಷ್ಟು ದುಡ್ಡು ಬರುವ ದೇಶದಲ್ಲಿ ಹೀಗ್ಯಾಕೆ ಅಂತ ಕೇಳಿದ್ದೀಯ. ನಾನು ರಾಜಧಾನಿ ಮಾಲೆಯಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದಾಗಿನಿಂದ ಇದು ನನ್ನ ತಲೆ ಕೊರೆಯುತ್ತಲೇ ಇದೆ. ಅದಕ್ಕೇ ಉದ್ದವಾಗಿ ಬರೆಯುತ್ತಿದ್ದೇನೆ. ನಾಲ್ಕು ಜನ ಓದಲಿ ಅಂತ ಎಲ್ಲರ ಮುಂದೆ ಇಡುತ್ತಿದ್ದೇನೆ. ನಿನ್ನ ದ್ವೀಪದ ಹೆಸರು ಮಾತ್ರ ಹಾಕಿಲ್ಲ.

ಆ ದೇಶಕ್ಕೆ ಇರುವ ಆಸ್ತಿಯಾದರೂ ಏನು ಹೇಳು? ಗದ್ದೆಯಿಲ್ಲ, ಗಣಿಯಿಲ್ಲ, ಹೊಳೆಯಿಲ್ಲ. ಮೀನಿದೆ, ದ್ವೀಪಗಳಿವೆ. ಸುಮಾರು 1,200 ದ್ವೀಪಗಳಲ್ಲಿ ಜನರ ಊರುಗಳಿರುವುದು 200ಕ್ಕೂ ಕಡಿಮೆ ಕಡೆ. ಉಳಿದವುಗಳಲ್ಲಿ ಹಲವನ್ನು ಸರ್ಕಾರ ರೆಸಾರ್ಟ್ ಕಟ್ಟುವವರಿಗೆ ಹತ್ತಾರು ವರ್ಷಗಳ ಗುತ್ತಿಗೆಗೆ ಕೊಡುತ್ತದೆ. ಒಂದು ದ್ವೀಪಕ್ಕೆ ಒಂದು ರೆಸಾರ್ಟ್. 1972ರಲ್ಲಿ ಕುರುಂಬಾ ರೆಸಾರ್ಟಿನಿಂದ ಶುರುವಾದ ಈ ವ್ಯವಹಾರ ಈಗ ವರ್ಷಕ್ಕೆ 20 ಲಕ್ಷಕ್ಕೂ ಹೆಚ್ಚು ಪ್ರವಾಸಿಗರನ್ನು ಕರೆತರುತ್ತಿದೆ. ಹಾಗಾಗಿ ಯಾವ ದ್ವೀಪ ಯಾರಿಗೆ ಅಂತ ಸಹಿ ಹಾಕುವ ಕೈಯಲ್ಲೇ ದೇಶದ ಖಜಾನೆಯೂ ಇದೆ. ನಮ್ಮ ಕಡೆ ಊರಿನ ಗೋಮಾಳ ರಾತ್ರೋರಾತ್ರಿ ಯಾರದೋ ಹೆಸರಿಗೆ ಪಹಣಿಯಾಗುತ್ತದಲ್ಲ, ಹಾಗೆ ಅಲ್ಲಿ ದ್ವೀಪಗಳೇ ಹೋದವು.

ಅದು ನಡೆದದ್ದು 2014, 2015ರ ಹೊತ್ತಿಗೆ. ಪ್ರವಾಸೋದ್ಯಮದ ಪ್ರಚಾರಕ್ಕೆ ಅಂತ ಸರ್ಕಾರದ್ದೊಂದು ಕಂಪನಿ ಇತ್ತು. ಎಂ.ಎಂ.ಪಿ.ಆರ್.ಸಿ. ಅನ್ನುತ್ತಾರೆ. 50ಕ್ಕೂ ಹೆಚ್ಚು ದ್ವೀಪ ಮತ್ತು ಲಗೂನುಗಳನ್ನು (ಹವಳದ ದಿಬ್ಬದೊಳಗಿನ ಆಳವಿಲ್ಲದ ನೀರಿನ ಜಾಗಗಳನ್ನು) ಈ ಕಂಪನಿಯ ಮೂಲಕ, ಬಹುಪಾಲು ಟೆಂಡರ್ ಇಲ್ಲದೆಯೇ ಕೊಡಲಾಯಿತು. ಗುತ್ತಿಗೆ ಪಡೆದವರು ಚೆಕ್ ಕೊಟ್ಟರು. ಆ ಚೆಕ್ಕುಗಳು ಸರ್ಕಾರದ ಖಾತೆಗೆ ಹೋಗಲಿಲ್ಲ. ಹಿಂದೆ ಸಹಿ ಹಾಕಿ ಒಂದು ಖಾಸಗಿ ಕಂಪನಿಯ ಖಾತೆಗೆ ತಿರುಗಿಸಿದರು. ಅಲ್ಲಿಂದ ನಗದಾಗಿ ಹಂಚಿಕೆಯಾಯಿತು. 2016ರ ಆಡಿಟ್ ವರದಿಯ ಪ್ರಕಾರ ಹೀಗೆ ಹೋದದ್ದು ಸುಮಾರು 7.9 ಕೋಟಿ ಡಾಲರ್. ಲೆಕ್ಕದ ಕೆಲಸ ಮಾಡಿದವನಿಗೆ ಇದರಲ್ಲಿ ಬೆಚ್ಚಿಬೀಳಿಸುವುದು ಮೊತ್ತಕ್ಕಿಂತ ಅದು ಎಷ್ಟು ಸಲೀಸಾಗಿ ನಡೆಯಿತು ಅನ್ನುವುದು. ಯಾವ ಗುಪ್ತ ಖಾತೆಯೂ ಬೇಕಾಗಲಿಲ್ಲ. ಚೆಕ್ಕಿನ ಹಿಂದೆ ಒಂದು ಸಹಿ ಸಾಕಾಯಿತು.

ಇದನ್ನು ಯಾರೂ ನೋಡಲಿಲ್ಲ ಅಂದುಕೊಳ್ಳಬೇಡ. ಮಹಾಲೆಕ್ಕಪರಿಶೋಧಕರಾಗಿದ್ದ ನಿಯಾಜ್ ಇಬ್ರಾಹಿಂ ಈ ಕಂಪನಿಯ ವ್ಯವಹಾರದಲ್ಲಿನ ಅಕ್ರಮವನ್ನು ಮೊದಲೇ ಹಿಡಿದಿದ್ದರು. 2014ರ ಅಕ್ಟೋಬರ್‌ನಲ್ಲಿ, ಅವರ ವರದಿ ಹೊರಬರುವ ಹೊತ್ತಿಗೇ, ಸಂಸತ್ತು ಆಡಿಟ್ ಕಾನೂನನ್ನೇ ತಿದ್ದಿ ಅವರನ್ನು ಹುದ್ದೆಯಿಂದ ಇಳಿಸಿತು. ನನಗೆ ಈ ಇಡೀ ಕಥೆಯಲ್ಲಿ ಅತಿ ಹೆಚ್ಚು ಸಿಟ್ಟು ಬರುವುದು ಇಲ್ಲಿಯೇ. ಒಬ್ಬ ಮನುಷ್ಯ ತನ್ನ ಕೆಲಸ ನೆಟ್ಟಗೆ ಮಾಡಿದ. ಆಗ ಅವನ ಮಾತು ಕೇಳಿದ್ದರೆ ಆಮೇಲಿನ ಎಷ್ಟೋ ದ್ವೀಪಗಳು ಉಳಿಯುತ್ತಿದ್ದವು.

ಆಗ ಪ್ರವಾಸೋದ್ಯಮ ಸಚಿವರಾಗಿದ್ದವರು ಅಹ್ಮದ್ ಅದೀಬ್. 2015ರಲ್ಲಿ ಉಪಾಧ್ಯಕ್ಷರೂ ಆದರು. ಅದೇ ವರ್ಷ ಬಂಧನವೂ ಆಯಿತು. 2019ರಲ್ಲಿ ಒಂದು ಟಗ್ ಬೋಟು ಹತ್ತಿ ತೂತುಕುಡಿಗೆ ಬಂದಿದ್ದರು, ನೆನಪಿದೆಯಾ? ನಮ್ಮವರು ಇಳಿಯಲು ಬಿಡದೆ ವಾಪಸ್ ಕಳಿಸಿದರು. 2020ರಲ್ಲಿ ತಪ್ಪೊಪ್ಪಿಕೊಂಡರು, 20 ವರ್ಷದ ಶಿಕ್ಷೆಯಾಯಿತು. ಅಧ್ಯಕ್ಷರಾಗಿದ್ದ ಅಬ್ದುಲ್ಲಾ ಯಾಮೀನ್ ಅವರಿಗೆ ಇದೇ ದುಡ್ಡಿನ ಕೇಸಿನಲ್ಲಿ 2019ರಲ್ಲಿ ಐದು ವರ್ಷದ ಶಿಕ್ಷೆಯಾಯಿತು. 2021ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. 2022ರಲ್ಲಿ ಇನ್ನೊಂದು ದ್ವೀಪದ ಕೇಸಿನಲ್ಲಿ 11 ವರ್ಷ. 2024ರಲ್ಲಿ ಹೈಕೋರ್ಟ್ ಅದನ್ನೂ ತಳ್ಳಿಹಾಕಿ ಮರುವಿಚಾರಣೆಗೆ ಹೇಳಿತು, ಅವರು ಹೊರಗೆ ಬಂದರು.

ಆದರೆ ನೀನು ನೋಡಬೇಕಾದದ್ದು ಈ ಇಬ್ಬರನ್ನಲ್ಲ. ಆ ದುಡ್ಡಿನಲ್ಲಿ ಪಾಲು ಪಡೆದವರು 281 ಮಂದಿ ಅಂತ ತನಿಖೆಯವರು ಪಟ್ಟಿ ಮಾಡಿದ್ದರು. ಸಂಸದರು, ಮಾಜಿ ಮಂತ್ರಿಗಳು, ನ್ಯಾಯಾಧೀಶರು ಎಲ್ಲ ಅದರಲ್ಲಿದ್ದಾರೆ ಅಂತ ಸುದ್ದಿಯಾಯಿತು. ಅಲ್ಲಿನ ಮೂಲ ನಿವಾಸಿಗಳು ನಾಲ್ಕು ಲಕ್ಷವೂ ಇಲ್ಲ. ನಮ್ಮ ಒಂದು ಜಿಲ್ಲಾ ಕೇಂದ್ರದಷ್ಟು ಜನ. ಅಷ್ಟು ಚಿಕ್ಕ ದೇಶದಲ್ಲಿ 281 ಅಂದರೆ ಯಾರನ್ನು ಕೇಳಿದರೂ ಯಾರದೋ ಭಾವ, ಯಾರದೋ ಸೋದರತ್ತೆ ಮಗ. ತನಿಖೆ ಮಾಡುವವನಿಗೂ, ಬರೆಯುವ ಪತ್ರಕರ್ತನಿಗೂ, ತೀರ್ಪು ಕೊಡುವವನಿಗೂ ಆ ಪಟ್ಟಿಯಲ್ಲಿ ಪರಿಚಯದವರಿದ್ದೇ ಇರುತ್ತಾರೆ. ದೊಡ್ಡ ದೇಶದಲ್ಲಿ ಕಳ್ಳನಿಗೆ ಜನಸಂದಣಿಯಲ್ಲಿ ಅಡಗಲು ಜಾಗ ಸಿಗುತ್ತದೆ. ಇಲ್ಲಿ ಅಡಗುವ ಅಗತ್ಯವೇ ಇಲ್ಲ. ಎಲ್ಲರಿಗೂ ಗೊತ್ತು, ಅದಕ್ಕೇ ಯಾರೂ ಬಾಯಿ ಬಿಡುವುದಿಲ್ಲ.

ಇನ್ನು ನಿನ್ನ ದ್ವೀಪಕ್ಕೂ ಆ ರೆಸಾರ್ಟಿಗೂ ನಡುವಿನ ನೀರಿನ ವಿಷಯ. ಅದು ಸುಮ್ನೆ ಭೂಗೋಳ ಅಲ್ಲ. 1978ರಿಂದ 2008ರವರೆಗೆ, 30 ವರ್ಷ, ಮೌಮೂನ್ ಗಯೂಮ್ ಅಧ್ಯಕ್ಷರಾಗಿದ್ದರು. ಯಾಮೀನ್ ಅವರ ಮಲಸಹೋದರ. ಆ ಕಾಲದಲ್ಲಿ ಪ್ರವಾಸಿಗರು ರೆಸಾರ್ಟಿನಲ್ಲಿ, ಊರಿನವರು ಊರಿನಲ್ಲಿ ಅನ್ನುವುದೇ ನೀತಿ. ಊರಿರುವ ದ್ವೀಪದಲ್ಲಿ ಗೆಸ್ಟ್ ಹೌಸ್ ನಡೆಸಲು ಬಿಡುತ್ತಿರಲಿಲ್ಲ. ಸಂಪ್ರದಾಯ ಕಾಪಾಡಲು ಅಂತ ಕಾರಣ ಕೊಟ್ಟರು. ಆದರೆ ಲಾಭ ಯಾರಿಗಾಯಿತು ನೋಡು: ಗುತ್ತಿಗೆ ಹಿಡಿಯುವಷ್ಟು ಬಂಡವಾಳವೂ ಸಂಪರ್ಕವೂ ಇದ್ದ ಮಾಲೆಯ ಕೆಲವೇ ಮನೆತನಗಳಿಗೆ. 2008ರ ಚುನಾವಣೆಯಲ್ಲಿ ಗಯೂಮ್ ಅವರನ್ನು ಸೋಲಿಸಿ ಮೊಹಮದ್ ನಶೀದ್ ಅಧ್ಯಕ್ಷರಾದ ಮೇಲೆ ಆ ಬೇಲಿ ತೆಗೆದರು. ಮಾಫುಶಿಯಂಥ ದ್ವೀಪದಲ್ಲಿ ಸಾಮಾನ್ಯರೂ ನಾಲ್ಕು ಕೋಣೆ ಕಟ್ಟಿ ಬಾಡಿಗೆಗೆ ಕೊಟ್ಟು ಬದುಕು ಕಂಡರು. ನನ್ನ ಮಟ್ಟಿಗೆ ಆ ದೇಶದಲ್ಲಿ ಬಡವರ ಪರವಾಗಿ ಆದ ದೊಡ್ಡ ಕೆಲಸ ಅದೇ.

ಆದರೂ ವಿಶ್ವ ಬ್ಯಾಂಕಿನ ಲೆಕ್ಕದಲ್ಲಿ ಬಡವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಮಾಲೆಯಿಂದಾಚೆ, ನಿನ್ನಂಥ ದ್ವೀಪಗಳಲ್ಲೇ ಇದ್ದಾರೆ. ಒಳ್ಳೆ ಆಸ್ಪತ್ರೆ, ಕಾಲೇಜು, ಕಚೇರಿ ಎಲ್ಲ ಮಾಲೆಯಲ್ಲಿ. ಹತ್ತರಲ್ಲಿ ನಾಲ್ಕು ಮಂದಿ ಅಲ್ಲಿಗೇ ಬಂದು ಸೇರಿದ್ದಾರೆ. ಮಗನ ಓದಿಗೆ ಅಂತ ಬಂದ ಕುಟುಂಬ ಒಂದೇ ಕೋಣೆಯಲ್ಲಿ ಇರುವುದನ್ನು, ಸಂಬಳದ ದೊಡ್ಡ ಪಾಲು ಬಾಡಿಗೆಗೆ ಸುರಿಯುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ದೊಡ್ಡ ಕಾಯಿಲೆಯಾದರೆ ತಿರುವನಂತಪುರಕ್ಕೋ ನಮ್ಮ ಬೆಂಗಳೂರಿಗೋ ಬರುತ್ತಾರೆ. ಬರಲು ಡಾಲರ್ ಬೇಕು. ಬ್ಯಾಂಕಿನ ದರ ಡಾಲರಿಗೆ 15.42 ರುಫಿಯಾ, ಅಂದರೆ ಅಲ್ಲಿನ ದುಡ್ಡು. ಆ ದರಕ್ಕೆ ಬೇಕಾದಷ್ಟು ಡಾಲರ್ ಸಿಗುವುದಿಲ್ಲ. ಹೊರಗೆ ಜಾಸ್ತಿ ಕೊಟ್ಟು ಕೊಳ್ಳಬೇಕು. ಡಾಲರಿನಲ್ಲೇ ವ್ಯಾಪಾರ ಮಾಡುವ ದೇಶದಲ್ಲಿ ರೋಗಿಗೆ ಡಾಲರ್ ಸಿಗಲ್ಲ ಅಂದರೆ ಏನು ಹೇಳುವುದು?

ಇವರಿಗಿಂತಲೂ ಕೆಳಗೆ ಇನ್ನೊಂದು ಪದರ ಇದೆ. ನಿನ್ನ ಶಾಲೆಯ ಗೋಡೆ ಕಟ್ಟಿದವರು, ಮಾಲೆಯ ಕಸ ಎತ್ತುವವರು. ಹೆಚ್ಚಿನವರು ಬಾಂಗ್ಲಾದೇಶದವರು, ಕೆಲವರು ನಮ್ಮವರು. 2022ರ ನವೆಂಬರ್‌ನಲ್ಲಿ ಮಾಲೆಯ ಒಂದು ಗ್ಯಾರೇಜಿಗೆ ಬೆಂಕಿ ಬಿತ್ತು. ಮೇಲಿನ ಮಹಡಿಯಲ್ಲಿ ಕೂಲಿಯವರ ಕೋಣೆಗಳಿದ್ದವು. 10 ಮಂದಿ ಸತ್ತರು, ಅದರಲ್ಲಿ ಹೆಚ್ಚಿನವರು ಭಾರತೀಯರು. ಅವರಿಗೆ ಅಲ್ಲಿ ಓಟಿಲ್ಲ. ಯಾವ ಪಟ್ಟಿಯಲ್ಲೂ ಅವರ ಭಾವಮೈದುನರಿಲ್ಲ.

2024ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಮುಯಿಜ್ಜು ಖರ್ಚು ಉಳಿಸಲು 228 ರಾಜಕೀಯ ನೇಮಕಾತಿಗಳನ್ನು ತೆಗೆಯುವುದಾಗಿ ಹೇಳಿದರು. ಒಳ್ಳೆಯದೇ. ಆದರೆ ಅಷ್ಟು ಚಿಕ್ಕ ದೇಶದಲ್ಲಿ ತೆಗೆಯಲಿಕ್ಕೇ 228 ಮಂದಿ ಸಿಕ್ಕರು ಅಂದರೆ ಪಕ್ಷಕ್ಕೆ ದುಡಿದವರಿಗೆ ಸರ್ಕಾರಿ ಸಂಬಳ ಕೊಡುವ ರೂಢಿ ಎಷ್ಟು ಆಳಕ್ಕೆ ಇಳಿದಿದೆ ಯೋಚಿಸು.

ನಿನ್ನಿಂದ ನನಗೊಂದು ಕೆಲಸ ಆಗಬೇಕು. ನಿನ್ನ ದ್ವೀಪದ ಹತ್ತಿರದ ಖಾಲಿ ದ್ವೀಪ ಯಾರಿಗೆ ಗುತ್ತಿಗೆ ಹೋಗಿದೆ, ಯಾವ ವರ್ಷ ಹೋಯಿತು, ಅಲ್ಲಿ ಒಂದು ಇಟ್ಟಿಗೆಯಾದರೂ ಬಿದ್ದಿದೆಯಾ ಅಂತ ಹಿರಿಯ ಮೀನುಗಾರರನ್ನು ಮೆಲ್ಲಗೆ ಕೇಳು. ಮೊದಲು ಅಲ್ಲಿ ಮೀನು ಒಣಗಿಸಲು, ತೆಂಗಿನಕಾಯಿ ತರಲು ಹೋಗುತ್ತಿದ್ದರಾ, ಈಗ ಇಳಿಯಲು ಬಿಡುತ್ತಾರಾ ಅದನ್ನೂ ಕೇಳು. ಸ್ಟಾಫ್ ರೂಮಿನಲ್ಲಿ ಈ ಮಾತು ಎತ್ತಬೇಡ, ನಿನ್ನದು ವರ್ಷ ವರ್ಷದ ಕರಾರು. ಅಮ್ಮ ಚೆನ್ನಾಗಿದ್ದಾರೆ, ಹೋದ ಭಾನುವಾರ ನೋಡಿಕೊಂಡು ಬಂದೆ. ಬೇಗ ಬರೆ.

ನಿನ್ನ,
ಸುರೇಶ