ಪುಣೆಯ ಗೆಳೆಯನಿಗೆ, ಖಾರದ ಊಟದ ವಿಚಾರವಾಗಿ

ಗೆಳೆಯಾ,

ಪುಣೆಯಲ್ಲೂ ನಮ್ಮ ಹಾಗೆ ವರ್ಷಕ್ಕೊಮ್ಮೆ, ಬಂದವರೆಲ್ಲ ಅಡುಗೆ ತಂದು ಹಂಚಿಕೊಂಡು ತಿನ್ನೋ ಖಾರದ ಊಟ ಇಡ್ತೀನಿ, ಹೇಗೆ ಮಾಡೋದು ಬರೆದು ಕಳಿಸು ಅಂದೆಯಲ್ಲ. ಕೇಳಲೇಬೇಕಾಯ್ತು ನೋಡು! ಇಲ್ಲಿದ್ದಾಗ ನೀನು ಬರುತ್ತಿದ್ದದ್ದು ತಿನ್ನಲಷ್ಟೇ. ಪಾತ್ರೆ ತೊಳೆಯುವ ಹೊತ್ತಿಗೆ ನಿನಗೆ ಸರಿಯಾಗಿ ಬಸ್ಸಿಗೆ ಹೊತ್ತಾಗುತ್ತಿತ್ತು.

ಮೊದಲು ದಿನ ಗೊತ್ತು ಮಾಡು. ನಮ್ಮದು ಶಿವರಾತ್ರಿ ಆದ ಮೇಲಿನ ಭಾನುವಾರ. ಅಷ್ಟೊತ್ತಿಗೆ ಊರಿಂದ ಹೊಸ ಬ್ಯಾಡಗಿ ಮೆಣಸಿನಕಾಯಿ ಬಂದಿರುತ್ತದೆ. ಮೊದಲ ವರ್ಷ ಅದನ್ನು ಈ ಫ್ಲಾಟಿನಲ್ಲಿ ಕಿಟಕಿ ಹಾಕಿಕೊಂಡು ಹುರಿದಿದ್ದೆವು, ನೀನಿನ್ನೂ ನಮ್ಮ ಗುಂಪಿಗೆ ಸೇರಿರಲಿಲ್ಲ. ಘಾಟು ಮೆಟ್ಟಿಲಿಳಿದು ಕೆಳಗಿನ ಮನೆಗೆ ಹೋಯಿತು. ಅವರು ಕೆಮ್ಮುತ್ತಾ ಬಂದು ಬಾಗಿಲು ಬಡಿದರು. ಬೈಯಲು ಬಂದವರು ಊಟಕ್ಕೆ ಕೂತರು. ನೀನು ಬೆರಳು ಚೀಪುತ್ತಿದ್ದ ಆ ಗೋಂಗೂರ ಚಟ್ನಿ ಅವರ ಮನೆಯದ್ದೇ. ಆದರೆ ನಿನ್ನ ಕೆಳಗಿನ ಮನೆಯವರು ಅಷ್ಟು ಒಳ್ಳೆಯವರು ಅಂತ ಏನು ನಂಬಿಕೆ? ಹಿಂದಿನ ದಿನವೇ ಬಾಲ್ಕನಿಯಲ್ಲಿ ಸಣ್ಣ ಉರಿಯಲ್ಲಿ ಹುರಿದು ಮುಗಿಸು.

ಯಾರು ಏನು ತರುತ್ತಾರೆ ಅಂತ ಮುಂಚೆಯೇ ಕೇಳು. ನಾವು ಕೇಳಿರಲಿಲ್ಲ. ಹನ್ನೊಂದು ಜನ ಬಂದರು, ಏಳು ಥರದ ಚಟ್ನಿ ಬಂತು, ಅನ್ನ ಒಂದು ಡಬ್ಬಿ. ಅಂಗಡಿಗೆ ಓಡಿ ಬ್ರೆಡ್ ತಂದು, ಕೆಂಪು ಮೆಣಸಿನಕಾಯಿ ಚಟ್ನಿ ರಂಜಕ ಹಚ್ಚಿಕೊಂಡು ತಿಂದೆವು. ಈಗ ರೊಟ್ಟಿ, ಅನ್ನ, ಮೊಸರು ನಮ್ಮ ಮನೆಯದ್ದು. ಉಳಿದದ್ದು ಬಂದವರದ್ದು.

ಪ್ರತಿ ಪಾತ್ರೆಯ ಮುಂದೆ ಒಂದು ಚೀಟಿ ಇರಲಿ. ಯಾವ ಮೆಣಸಿನಕಾಯಿ, ಎಷ್ಟು ಹಾಕಿದ್ದಾರೆ, ಅಷ್ಟೇ ಸಾಕು. ಜನ ಬಣ್ಣ ನೋಡಿ ಹೆದರುತ್ತಾರೆ. ಬ್ಯಾಡಗಿ ಹಾಕಿದ ಸಾರು ಕೆಂಪಗೆ ಹೊಳೆಯುತ್ತದೆ, ಆದರೆ ಖಾರದಲ್ಲಿ ಗುಂಟೂರಿನ ಹತ್ತಿರಕ್ಕೂ ಬರುವುದಿಲ್ಲ. ಕಳೆದ ವರ್ಷ ಶಿರಸಿ ಕಡೆಯವರೊಬ್ಬರು ಮಾವಿನಕಾಯಿಯ ತೆಳು ಸಾರು, ಅಪ್ಪೆಹುಳಿ, ತಂದಿದ್ದರು. ನೋಡಿದರೆ ನೀರು, ಮೇಲೆ ಒಂದು ಒಗ್ಗರಣೆ. ಅದಕ್ಕೆ ಸೂಜಿಮೆಣಸು ನುರಿದು ಹಾಕಿದ್ದರು. ನಮ್ಮ ಆಫೀಸಿನ ಹುಡುಗ ಕೆಂಪು ಸಾರು ಬೇಡ ಅಂತ ಇದನ್ನೇ ಲೋಟದಲ್ಲಿ ಎತ್ತಿ ಕುಡಿದ. ಆಮೇಲೆ ಕಾಲು ಗಂಟೆ ಅವನ ಮಾತಿಲ್ಲ.

ಅವನಿಗೆ ಎಲ್ಲರೂ ನೀರು ಕೊಡಲು ಓಡಿದರು. ನೀರಿನಿಂದ ಏನೂ ಆಗುವುದಿಲ್ಲ. ಮೆಣಸಿನ ಖಾರ ನೀರಿಗೆ ಕರಗಲ್ಲ, ಜಿಡ್ಡಿಗೆ ಕರಗುತ್ತದೆ. ಗಟ್ಟಿ ಮೊಸರು ತಿನ್ನಿಸಿದ ಮೇಲೆ ಸ್ವಲ್ಪ ಸುಧಾರಿಸಿದ. ಅಜ್ಜಿ ರಂಜಕದ ನಡುವೆ ಗುಣಿ ಮಾಡಿ ಎಣ್ಣೆ ಹಾಕಿ ಕೊಡುತ್ತಿದ್ದದ್ದು ಇದಕ್ಕೇ ಅಲ್ವಾ? ಕೈಗೆ ಖಾರ ಹತ್ತಿದರೂ ಅಷ್ಟೇ, ಮೊದಲು ಎಣ್ಣೆ ಸವರು, ಆಮೇಲೆ ಸೋಪು. ಕಣ್ಣು ಮಾತ್ರ ಮುಟ್ಟಬೇಡ.

ಇನ್ನೊಂದು ಮಾತು, ಇದನ್ನು ಒತ್ತಿ ಹೇಳ್ತೀನಿ. ಬಹುಮಾನ ಇಡಬೇಡ. ಮೂರನೇ ವರ್ಷ 'ಎಲ್ಲಕ್ಕಿಂತ ಖಾರದ ಅಡುಗೆ'ಗೆ ಇಟ್ಟಿದ್ದೆವು, ನೆನಪಿದೆಯಾ? ಒಬ್ಬರು ಭೂತ್ ಜೊಲೋಕಿಯಾ ಹಾಕಿದ ಕೋಳಿ ಸಾರು ತಂದರು, 2007ರಲ್ಲಿ ಜಗತ್ತಿನಲ್ಲೇ ಅತಿ ಖಾರದ್ದು ಅಂತ ಗಿನ್ನೆಸ್ ದಾಖಲೆಗೆ ಹೋದ ಮೆಣಸಿನಕಾಯಿ ಅದು. ಗೆದ್ದರು. ತುಂಬಿದ ಪಾತ್ರೆ ತುಂಬಿದ ಹಾಗೇ ವಾಪಸು ಹೋಯಿತು. ಪಾಪ, ಅವರು ಮತ್ತೆ ಬರಲೇ ಇಲ್ಲ. ಈಗ ಯಾರ ಪಾತ್ರೆ ಮೊದಲು ಖಾಲಿಯಾಗುತ್ತದೋ ಅವರಿಗೆ ಪಾತ್ರೆ ತೊಳೆಯುವುದರಿಂದ ರಜೆ. ನಿನಗೆ ಹೇಳಿ ಮಾಡಿಸಿದ ನಿಯಮ, ಆದರೆ ನೀನು ಊರು ಬಿಟ್ಟ ಮೇಲೆ ಬಂತು!

ನಿನ್ನ ಕಡೆ ಕೊಲ್ಹಾಪುರದವರು ಇದ್ದೇ ಇರುತ್ತಾರೆ. ಅವರ ಕೆಂಪು ಖಾರದ ಸಾರು ತಾಂಬಡಾ ರಸ್ಸಾ ಹೇಗೂ ತರುತ್ತಾರೆ, ಜೊತೆಗೆ ಖಾರ ಕಡಿಮೆ ಇರೋ ಬಿಳಿ ಸಾರು ಪಾಂಢರಾ ರಸ್ಸಾನೂ ತರೋಕೆ ಹೇಳು. ಮಕ್ಕಳಿಗೂ ಆಗುತ್ತದೆ. ಕೊನೆಗೆ ಶೇಂಗಾ ಹೋಳಿಗೆ, ಮೇಲೆ ತುಪ್ಪ. ಇದರಲ್ಲಿ ಜಿಪುಣತನ ಬೇಡ.

ನಿನ್ನ ಸ್ಟೀಲ್ ಡಬ್ಬಿ ಎರಡು ವರ್ಷದಿಂದ ನಮ್ಮ ಮನೆಯಲ್ಲೇ ಇದೆ. ಖಾಲಿ ಡಬ್ಬಿ ಕೊಡಬಾರದು ಅಂತಾಳೆ ಅವ್ವ. ಒಂದಷ್ಟು ಬ್ಯಾಡಗಿ ತುಂಬಿ ಕಳಿಸ್ತೀನಿ. ಮೆಣಸಿನಕಾಯಿ ಕೈಯಿಂದ ಕೈಗೆ ಕೊಟ್ಟರೆ ಜಗಳ ಆಗುತ್ತಂತೆ, ಅದನ್ನೂ ಅವ್ವನೇ ಹೇಳೋದು. ಕೊರಿಯರಿನಲ್ಲಿ ಬರುತ್ತದೆ, ಆ ಭಯ ಇಲ್ಲ. ಜಗಳ ಆದರೆ ಕೊರಿಯರಿನವನಿಗೂ ನಿನಗೂ.

ನಿನ್ನ
ಗೆಳೆಯ