ಗೋಣು ಹಾಕಿದ ಮಾತು

ದಾವಣಗೆರೆ, ಭಾನುವಾರ

ಚಿರಂಜೀವಿ ಶೈಲಾಳಿಗೆ ಸಣ್ಣಜ್ಜನ ಆಶೀರ್ವಾದ.

ಕಾಗದ ಗುರುವಾರ ಬಂತು. ಮನೆ ಸಮಾಚಾರ ನಿಮ್ಮವ್ವ ದಿನಾ ಫೋನಿನಲ್ಲಿ ಒಪ್ಪಿಸ್ತಾಳೆ, ಅದನ್ನ ಬಿಡ್ತೀನಿ. ನೀನು ಬರೆದ ಮೂರು ಪುಟದಲ್ಲಿ ನನ್ನ ನಿದ್ದೆ ಕೆಡಿಸಿದ್ದು ಒಂದೇ ಸಂಗತಿ. ಪೊಲೀಸರು ಕೋರ್ಟಿಗೆ ರಿಮ್ಯಾಂಡಿಗೆ ಅಂತ ಕರೆತಂದ ಹುಡುಗನ ಅರೆಸ್ಟ್ ಮೆಮೊದಲ್ಲಿ ಹಿಡಿದ ದಿನ ಶುಕ್ರವಾರ ಅಂತಿತ್ತು. ಬುಧವಾರ ರಾತ್ರಿಯೇ ಎಳ್ಕೊಂಡು ಹೋದರು ಅಂತ ಅವನ ತಾಯಿ ಹೊರಗೆ ಅಳ್ತಿದ್ದಳು. ಸೀನಿಯರ್ 'ಈಗ ಅದೆಲ್ಲ ಬೇಡ' ಅಂದರು. "ನಾನು ಗೋಣು ಹಾಕಿದೆ ಸಣ್ಣಜ್ಜ. ಹೀಗೇ ಹಾಕ್ತಾ ಹಾಕ್ತಾ ಒಂದಿನ ಬಾಯೇ ಬರದಂಗೆ ಆಗಿಬಿಡ್ತೀನೇನೋ ಅಂತ ಭಯ" ಅಂತ ಬರೆದೀಯ.

ನಿನ್ನ ಸೀನಿಯರನ್ನ ನಾನು ಬೈಯೋದಿಲ್ಲ. ಮೂವತ್ತಾರು ವರ್ಷ ಕೋರ್ಟಿನ ಕಚೇರಿಯಲ್ಲಿ ಕೂತವನು ನಾನು. ಮೊದಲು ಹುಡುಗ ಹೊರಗೆ ಬರಲಿ, ತಾರೀಖಿನ ಜಗಳ ಆಮೇಲೆ ಅನ್ನೋ ವಕೀಲರು ಎಷ್ಟೋ ಸಲ ಸರಿಯಾಗಿಯೇ ಇರ್ತಾರೆ. ಆದರೆ ನೀನು ಕೇಳಿದ್ದು ಅವರ ವಿಷಯ ಅಲ್ಲವಲ್ಲ, ನಿನ್ನ ಬಾಯಿಯ ವಿಷಯ. ಅದಕ್ಕೆ ಉತ್ತರ ಹೇಳೋ ಅನುಭವ ಈ ಮನೆಯಲ್ಲಿ ಇದ್ದರೆ ನನಗೊಬ್ಬನಿಗೇ. ನಿಮ್ಮಜ್ಜನಿಗೂ ಇದನ್ನ ನಾನು ಹೇಳಿರಲಿಲ್ಲ.

1976, ತುರ್ತು ಪರಿಸ್ಥಿತಿಯ ಕಾಲ. ಆಗ ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯದೊಂದು ತಾಲೂಕು, ಜಿಲ್ಲೆ ಆದದ್ದು 1997ರಲ್ಲಿ. ಊರು ಏಳೋದು ಮಲಗೋದು ಕಾಟನ್ ಮಿಲ್ಲಿನ ಕೂಗಿನ ಮೇಲೆ. ನನಗೆ ಇಪ್ಪತ್ತೆರಡು, ಒಬ್ಬ ವಕೀಲರ ಹತ್ತಿರ ಟೈಪಿಸ್ಟ್. ವಠಾರದಲ್ಲಿ ನನ್ನ ಪಕ್ಕದ ಕೋಣೆಯವನು ಮಿಲ್ ಕಾರ್ಮಿಕ, ಯೂನಿಯನ್ ಭಾಷಣದ ಹುಚ್ಚಿನವನು. ಒಂದು ಮಂಗಳವಾರ ರಾತ್ರಿ, ಅವನು ಎರಡನೇ ಪಾಳಿ ಮುಗಿಸಿ ಬಂದು ಮಂಡಕ್ಕಿ ಒಗ್ಗರಣೆಗೆ ಹಾಕಿದ ವಾಸನೆ ನನ್ನ ಕೋಣೆಗೂ ಬರ್ತಿತ್ತು, ಜೀಪು ಬಂತು. ನಾನು ದೀಪ ಆರಿಸಿ ಕಿಟಕಿಯ ಸಂದಿಯಲ್ಲಿ ನೋಡಿದೆ. ಕಾಲಿಗೆ ಮೆಟ್ಟು ಹಾಕ್ಕೊಳ್ಳೋಕೂ ಬಿಡಲಿಲ್ಲ. ಟೈರಿನ ಅಟ್ಟೆಯ ಜೋಡು, ಆ ತಿಂಗಳೇ ಕೊಂಡದ್ದು, ಹೊಸ್ತಿಲ ಹೊರಗೆ ಒಂದು ನೆಟ್ಟಗೆ, ಒಂದು ಮಗುಚಿ ಬಿದ್ದಿತ್ತು.

ವಿಚಾರಣೆಯಿಲ್ಲದೆ ಒಳಗಿಡೋ ಮೀಸಾ ಕಾಯ್ದೆಯಲ್ಲಿ ಅವನ ಮೇಲೆ ಹೊರಡಿಸಿದ ಆದೇಶದಲ್ಲಿ ತಾರೀಖು ಗುರುವಾರದ್ದು. ನಮ್ಮ ವಕೀಲರು ಬೆಂಗಳೂರಿನ ಹೈಕೋರ್ಟಿಗೆ, ಬಂದಿಯನ್ನ ಕೋರ್ಟಿನ ಮುಂದೆ ತನ್ನಿ ಅನ್ನೋ ಹೇಬಿಯಸ್ ಕಾರ್ಪಸ್ ಅರ್ಜಿ ತಯಾರು ಮಾಡಿಸುವಾಗ ಆ ಎರಡು ದಿನವೇ ಅವರಿಗೆ ಸಿಕ್ಕ ಹಿಡಿ. ಆದೇಶವೇ ಇಲ್ಲದೆ ಎರಡು ದಿನ ಇಟ್ಟುಕೊಂಡಿದ್ದು ಯಾವ ಕಾನೂನಿನಲ್ಲಿ? ಕಾರ್ಬನ್ ಹಾಕಿ ನಾಲ್ಕು ಪ್ರತಿ ಹೊಡಿತಿದ್ದವನು ನಾನೇ. ಅವರು ನನ್ನ ಕಡೆ ತಿರುಗಿ, "ನಿನ್ನ ಪಕ್ಕದ ಕೋಣೆ ಅಲ್ಲೇನೋ? ಮಂಗಳವಾರ ನೋಡಿದ್ದರೆ ಒಂದು ಅಫಿಡವಿಟ್ ಕೊಡು" ಅಂದರು.

"ನಾನು ಮಲಗಿದ್ದೆ ಸಾರ್" ಅಂದೆ.

ಕೋರ್ಟಿನ ಕೆಲಸಕ್ಕೆ ಅರ್ಜಿ ಹಾಕಿದ್ದೆ ಕಣವ್ವ. ಪೊಲೀಸ್ ವೆರಿಫಿಕೇಶನ್ ಬರಬೇಕಿತ್ತು. ಅವರು ಒಂದು ಗಳಿಗೆ ನನ್ನನ್ನೇ ನೋಡಿ, "ಆಯ್ತು, ಟೈಪ್ ಮಾಡು" ಅಂದರು. ಅಷ್ಟೇ.

ಮುಂದಿನದು ನೀನು ಲಾ ಕಾಲೇಜಿನಲ್ಲಿ ಓದಿದ್ದೀ. ಏಪ್ರಿಲ್ 28ಕ್ಕೆ ಎಡಿಎಂ ಜಬಲ್ಪುರ ತೀರ್ಪು ಬಂತು. ಒಂಬತ್ತು ಹೈಕೋರ್ಟುಗಳು, ನಮ್ಮ ಕರ್ನಾಟಕದ್ದೂ ಸೇರಿ, ಬಂದಿಯ ಅರ್ಜಿ ಕೇಳಬಹುದು ಅಂದಿದ್ದವು. ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ಕೇಳಲಾಗದು ಅಂದರು. ವಾದ ನಡೆಯುವಾಗ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಂದು ಪ್ರಶ್ನೆ ಕೇಳಿದ್ದರು: ಒಬ್ಬ ಪೊಲೀಸ್ ಸ್ವಂತ ಹಗೆಗೆ ಯಾರನ್ನಾದರೂ ಕೊಂದರೆ ಆಗಲೂ ಕೋರ್ಟಿಗೆ ಬರೋ ಹಾಗಿಲ್ಲವೇ? ತುರ್ತು ಪರಿಸ್ಥಿತಿ ಇರೋ ತನಕ ಇಲ್ಲ ಅಂತ ಅಟಾರ್ನಿ ಜನರಲ್ ನಿರೇನ್ ಡೇ ಉತ್ತರ ಕೊಟ್ಟರು. ಖನ್ನಾ ಒಬ್ಬರೇ ಬೇರೆ ಬರೆದರು. ಮರುವರ್ಷ ಜನವರಿಯಲ್ಲಿ ಅವರನ್ನ ದಾಟಿಸಿ ಕಿರಿಯರಾದ ಬೇಗ್ ಅವರನ್ನ ಮುಖ್ಯ ನ್ಯಾಯಮೂರ್ತಿ ಮಾಡಿದರು, ಇವರು ರಾಜೀನಾಮೆ ಕೊಟ್ಟು ಎದ್ದು ಹೋದರು. ಬೆಂಗಳೂರಿನಲ್ಲಿ ಬಂಧನದಲ್ಲಿದ್ದ ವಾಜಪೇಯಿ, ಅಡ್ವಾಣಿಯವರ ಅರ್ಜಿ ಕೇಳಿದ್ದ ನಮ್ಮ ಹೈಕೋರ್ಟಿನ ಚಂದ್ರಶೇಖರ್ ಅವರಿಗೆ ಅಲಹಾಬಾದಿಗೂ ಸದಾನಂದಸ್ವಾಮಿಯವರಿಗೆ ಗುವಾಹಟಿಗೂ ವರ್ಗ ಆಯಿತು.

ಖನ್ನಾ ಅವರ ಕಥೆ ನಿನಗೆ ಉಪದೇಶಕ್ಕೆ ಹೇಳ್ತಿಲ್ಲ. ಅವರನ್ನ ನೆನೆಸಿಕೊಂಡು ಧೈರ್ಯ ತಗೋ ಅನ್ನೋದು ಸುಲಭ. ನನಗೆ ಆ ತೀರ್ಪು ಬೇರೆ ರೀತಿ ಒದಗಿತು. ತೀರ್ಪು ಬಂದ ದಿನ ನನಗಾದದ್ದು ಸಮಾಧಾನ. ನಮ್ಮ ಅರ್ಜಿ ಹೇಗೂ ಬಿತ್ತು, ನನ್ನ ಅಫಿಡವಿಟ್ ಇದ್ದಿದ್ದರೂ ಅಷ್ಟೇ ಅಂತ. ನಾಲ್ಕು ದಶಕ ಆ ನಾಲ್ವರ ಬೆನ್ನ ಹಿಂದೆ ನಿಂತಿದ್ದೆ. ಅಷ್ಟು ದೊಡ್ಡವರೇ ಗೋಣು ಹಾಕಿದ ಮೇಲೆ ಈ ಟೈಪಿಸ್ಟಿಂದೇನು?

2017ರ ಆಗಸ್ಟಿನಲ್ಲಿ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರ ಪ್ರಕರಣದಲ್ಲಿ ಒಂಬತ್ತು ಮಂದಿ ಕೂತು ಖಾಸಗಿತನ ಮೂಲಭೂತ ಹಕ್ಕು ಅಂದರು. ಅದರಲ್ಲೇ ಜಬಲ್ಪುರ ತೀರ್ಪನ್ನೂ ಹೊಡೆದು ಹಾಕಿದರು. ಹಾಗೆ ಬರೆದವರು ಡಿ.ವೈ. ಚಂದ್ರಚೂಡ್, ಆ ನಾಲ್ವರಲ್ಲಿ ಒಬ್ಬರ ಮಗ. ಜಗುಲಿಯ ಮೇಲೆ ಪೇಪರ್ ಓದ್ತಿದ್ದೆ. ನಿಮ್ಮಜ್ಜಿ ಚಹಾ ತಂದಿಟ್ಟು, ಯಾರು ತೀರಿಕೊಂಡರು ಅಂತ ಕೇಳಿದಳು. ನನ್ನ ಮುಖ ಹಾಗಿತ್ತಂತೆ.

ಆ ಬಾಯಿ ಹೋಗೋ ವಿಷಯಕ್ಕೆ ಬರ್ತೀನಿ. ಪೂರ್ತಿ ಹೋಗ್ತದೆ ಅಂತ ನಾನು ಹೇಳಲಾರೆ. ನಾಲ್ವರಲ್ಲಿ ಭಗವತಿಯವರೂ ಇದ್ದರು. ಎರಡೇ ವರ್ಷಕ್ಕೆ, 1978ರಲ್ಲಿ ಮನೇಕಾ ಗಾಂಧಿ ಪಾಸ್‌ಪೋರ್ಟ್ ಪ್ರಕರಣದಲ್ಲಿ, ಯಾವುದೋ ಒಂದು ಕಾನೂನು ಇದ್ದರೆ ಸಾಲದು, ಅದು ನ್ಯಾಯವಾಗಿಯೂ ಇರಬೇಕು ಅಂತ ಬರೆದವರು ಅವರೇ. ಮರುವರ್ಷ ಹುಸೇನಾರಾ ಖಾತೂನ್ ಪ್ರಕರಣದಲ್ಲಿ, ಬಿಹಾರದ ಜೈಲುಗಳಲ್ಲಿ ವಿಚಾರಣೆಯೇ ಇಲ್ಲದೆ ವರ್ಷಗಟ್ಟಲೆ ಕೊಳೆಯುತ್ತಿದ್ದವರ ಕೂಗು ಕೇಳಿದ್ದೂ ಅವರೇ. 1976ರದ್ದು ತಪ್ಪಾಯಿತು ಅಂತ ಮುಪ್ಪಿನಲ್ಲಿ ಬಹಿರಂಗವಾಗಿ ಒಪ್ಪಿಕೊಂಡರು. ಹಾಗಾಗಿ ಒಮ್ಮೆ ಗೋಣು ಹಾಕಿದ್ದಕ್ಕೆ ನಿನ್ನ ಕಥೆ ಮುಗೀತು ಅಂದುಕೋಬೇಡ. ಹಾಗಂತ ಸಮಾಧಾನವನ್ನೂ ಮಾಡ್ಕೋಬೇಡ. ಇದರಲ್ಲಿ ಎಷ್ಟು ಹೇಳಬೇಕು ಅಂತ ನನಗೂ ತಿಳೀತಿಲ್ಲ.

ನಿನ್ನ ಕಾಗದದಲ್ಲಿ ಭಯ ಅಂತ ಬರೆದೀಯ. ನಾನು ಅವತ್ತು ಹಾಗೆ ಯಾರಿಗೂ ಬರೆಯಲಿಲ್ಲ. ನನ್ನ ಲೆಕ್ಕದಲ್ಲಿ ಅದು ಭಯವೇ ಆಗಿರಲಿಲ್ಲ, ಜಾಣತನ ಆಗಿತ್ತು.

ಆ ಪಕ್ಕದ ಕೋಣೆಯವನು 1977ರಲ್ಲಿ ಬಿಡುಗಡೆಯಾಗಿ ಬಂದ. ಸೊರಗಿದ್ದ. ಬಸ್‌ಸ್ಟ್ಯಾಂಡ್ ಹತ್ತಿರ ಸಿಕ್ಕವನು ಚಹಾ ಕುಡಿಸಿ, "ಆ ರಾತ್ರಿ ನನ್ನ ಮೆಟ್ಟು ಹೊರಗೇ ಉಳಿದಿದ್ವು. ಯಾರು ತಗೊಂಡ್ರು, ನೀನೇನಾದ್ರು ನೋಡಿದ್ಯಾ?" ಅಂದ. ಬೇಕಂತ ಕೇಳಿದನೋ ಸುಮ್ಮನೆ ಕೇಳಿದನೋ ಇವತ್ತಿಗೂ ಗೊತ್ತಿಲ್ಲ. ನಾನು ಆಗಲೂ, ಮಲಗಿದ್ದೆ ಅಂದೆ.

ನಿನಗೆ ಹೇಳೋವಷ್ಟು ಕಾನೂನು ನನಗೆ ಬರಲ್ಲ, ಶಿರಸ್ತೇದಾರನ ತಿಳಿವಳಿಕೆ ಅಷ್ಟೇ. ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯ ಡಿ.ಕೆ. ಬಸು ಅವರು 1986ರಲ್ಲಿ ಮುಖ್ಯ ನ್ಯಾಯಮೂರ್ತಿಗಳಿಗೆ ಬರೆದ ಒಂದು ಕಾಗದವನ್ನೇ ರಿಟ್ ಅರ್ಜಿ ಅಂತ ತಗೊಂಡು, ಹತ್ತು ವರ್ಷದ ಮೇಲೆ ಸುಪ್ರೀಂ ಕೋರ್ಟ್ ಅರೆಸ್ಟ್ ಮೆಮೊ ಕಡ್ಡಾಯ ಮಾಡಿತು. ಅದರಲ್ಲಿ ದಿನ, ಗಂಟೆ ಇರಬೇಕು, ಮನೆಯವರದೋ ಅದೇ ಓಣಿಯ ಮರ್ಯಾದಸ್ಥರದೋ ಸಾಕ್ಷಿ ರುಜು ಇರಬೇಕು. ಆ ಹುಡುಗನ ಮೆಮೊದಲ್ಲಿ ಸಾಕ್ಷಿ ಯಾರು ಅಂತ ನೋಡಿದೆಯಾ? ಠಾಣೆಯಲ್ಲೇ ಸಿಗೋ ಕಾಯಂ ಗಿರಾಕಿ ಇರಬಹುದು. ಠಾಣೆಗಳಲ್ಲಿ ಸಿಸಿ ಕ್ಯಾಮೆರಾ ಇರಬೇಕು ಅಂತ 2020ರಲ್ಲಿ ಆದೇಶ ಆಗಿದೆಯಲ್ಲ, ಬುಧವಾರದ ದೃಶ್ಯ ಅಳಿಸದ ಹಾಗೆ ಒಂದು ಅರ್ಜಿ ಹಾಕೋಕೆ ಬರ್ತದೇನೋ ಸೀನಿಯರನ್ನ ಕೇಳು. ಕಟಕಟೆಯ ಎದುರು ಬೇಡ, ಮಧ್ಯಾಹ್ನ ಊಟದ ಹೊತ್ತಿಗೆ, ತಣ್ಣಗೆ. ಸಿಟ್ಟು ಮಾಡ್ಕೊಂಡು ಆಫೀಸ್ ಬಿಡಬೇಡ, ರೂಮಿನ ಬಾಡಿಗೆ ಕಟ್ಟಬೇಕು. ಹೊತ್ತಿಗೆ ಸರಿಯಾಗಿ ಉಣ್ಣು. ಶೇಂಗಾ ಚಟ್ನಿಪುಡಿ ಮಂಗಳವಾರದ ಬಸ್ಸಿಗೆ ಕಳಿಸ್ತೀನಿ.

ಆಮೇಲೆ ಆ ತಾಯಿಯ ಓಣಿಗೆ ಒಂದು ಸಲ ಹೋಗಿ ಬಾ. ಬುಧವಾರ ರಾತ್ರಿ ಹುಡುಗನ ಕಾಲಲ್ಲಿ ಏನಿತ್ತು, ಅಕ್ಕಪಕ್ಕ ಯಾರು ಎದ್ದಿದ್ದರು ಕೇಳು. ಯಾರೋ ಒಬ್ಬ ಎಚ್ಚರ ಇದ್ದೇ ಇರ್ತಾನೆ. ಮಲಗಿದ್ದೆ ಅಂದರೆ ಬೈಯಬೇಡ, ಎರಡು ದಿನ ಬಿಟ್ಟು ಮತ್ತೆ ಹೋಗು. ನನ್ನ ಹತ್ತಿರ ಯಾರೂ ಎರಡನೇ ಸಲ ಬರಲಿಲ್ಲ.

ಇಂತಿ,
ನಿನ್ನ ಸಣ್ಣಜ್ಜ